ಮುಖದಲ್ಲಿ ಏನೂ ಗೊತ್ತಾಗದವಳು

ಹಾಸ್ಟೆಲ್
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರವಿಲ್ಲವೆಂದು ಬೈದುಕೊಳ್ಳುತ್ತಿರುತ್ತೀಯ, ಬೈದುಕೋ. "ಅಮ್ಮ ಹೋದಾಗಿಂದ ಅಪ್ಪ ಯಾಕೆ ನಿನ್ ಹತ್ರ ಮಾತಾಡಲ್ಲ? ಕೇಳಿದ್ರೆ ಅವರೂ ಬಾಯಿ ಬಿಡಲ್ಲ" ಎಂದು ನೀನು ಬರೆದಿದ್ದೆ. ಆ ಒಂದು ಸಾಲಿಗೆ ಹೆದರಿ ಪೆನ್ನು ಹಿಡಿಯಲಿಲ್ಲ.

ಮೊದಲು ಸಮಾಚಾರ. ಹೋಟೆಲ್ ಮ್ಯಾನೇಜ್‌ಮೆಂಟಿನ ಕೊನೆಯ ಪ್ರಾಕ್ಟಿಕಲ್ ಗುರುವಾರ. ಹಾಸಿಗೆ ಸಜ್ಜು ಮಾಡಲು ಮೂರು ನಿಮಿಷ, ಒಂದು ಸುಕ್ಕಿಗೆ ಒಂದು ಅಂಕ ಕಟ್. ಹೊದ್ದ ಹೊದಿಕೆ ಮಡಿಸದೆ ಅಮ್ಮನ ಕೈಲಿ ಉಗಿಸಿಕೊಳ್ಳುತ್ತಿದ್ದವಳು ಈಗ ಎರಡೂವರೆ ನಿಮಿಷಕ್ಕೇ ಮುಗಿಸುತ್ತೇನೆ, ನಂಬು. ನಿನ್ನೆ ಸರ್ವಿಸ್ ಕಲಿಸುವ ಮೇಡಂ ಸಿಡುಕು ಗಿರಾಕಿಯಂತೆ ಕೂತು ಸೂಪನ್ನು ಮೂರು ಸಲ ವಾಪಸ್ ಕಳಿಸಿದರು. ಮೊದಲು ಆರಿಹೋಗಿದೆ ಅಂದರು, ಆಮೇಲೆ ಬಾಯಿ ಸುಡುತ್ತೆ ಅಂದರು, ಕೊನೆಗೆ ನಾನು ಇದನ್ನು ಕೇಳಿಯೇ ಇಲ್ಲ ಅಂದರು. ನನ್ನ ರೂಮಿನವಳು ತನ್ನ ಸರದಿಯಲ್ಲಿ ಎರಡನೇ ಸಲಕ್ಕೇ ಅತ್ತುಬಿಟ್ಟಿದ್ದಳು. ನಾನು ಮೂರು ಸಲವೂ ನಕ್ಕು ಬಟ್ಟಲು ಎತ್ತಿಕೊಂಡು ಹೋದೆ. "ನಿನ್ ಮುಖದಲ್ಲಿ ಏನೂ ಗೊತ್ತಾಗಲ್ಲ ನೋಡು. ಈ ಕೆಲಸಕ್ಕೆ ಹೇಳಿ ಮಾಡಿಸಿದ ಹುಡುಗಿ" ಎಂದು ಎಲ್ಲರೆದುರು ಬೆನ್ನು ತಟ್ಟಿದರು.

ನನಗೆ ಖುಷಿಯೂ ಆಗಲಿಲ್ಲ, ಬೇಜಾರೂ ಆಗಲಿಲ್ಲ. ನಾಲ್ಕು ತಿಂಗಳಿಂದ ಹೀಗೇ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಅಳು ಮಾತ್ರ ಬರುವುದಿಲ್ಲ. ಒಮ್ಮೆ ಬೇಕೆಂದೇ ಅಮ್ಮನ ಫೋಟೊ ಮುಂದೆ ಕೂತೆ. ಗಾಜಿನ ಮೇಲೆ ಧೂಳು ಕಾಣಿಸಿತು, ಒರೆಸಿಟ್ಟೆ.

ಪರೀಕ್ಷೆ ಮುಗಿಸಿ ಮನೆಗೆ ಬಾ ಎನ್ನುತ್ತೀಯ. ಬಾಗಿಲು ತೆಗೆಯುವವರು ಅಪ್ಪ ತಾನೇ? ಅವರು ಮುಖ ತಿರುಗಿಸಿಕೊಂಡು ಒಳಗೆ ಹೋದರೆ ನಾನು ಎಲ್ಲಿ ನಿಲ್ಲಲಿ, ಅಕ್ಕ? ಅವರು ಒಂದು ಸಲ ಬಾ ಅಂದರೆ ಶುಕ್ರವಾರವೇ ಹೊರಡುತ್ತೇನೆ. ನೀನೇ ಕೇಳಿ ನೋಡು.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಗಳ ಎರಡೂ ಕೆನ್ನೆಗೆ ಮುತ್ತು. ಅವಳು ನೂರು ಕಾಲ ನಗುನಗುತ್ತ ಬಾಳಲಿ.

ನಿನ್ನ
ತರಲೆ

ವಿ. ಸೂ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಕೇಳಿದ್ದಕ್ಕೆ ಉತ್ತರ ಕೊಡದೆ ಕೇಳಿ ನೋಡು ಎಂದರೆ ನೀನಾದರೂ ಹೇಗೆ ಕೇಳುತ್ತೀಯ? ಆ ದಿನ ನಾನು ಟ್ರೈನಿಂಗಿಗೆಂದು ಒಂದು ಹೋಟೆಲಿನ ರಿಸೆಪ್ಷನ್ನಿನಲ್ಲಿದ್ದೆ. ಡ್ಯೂಟಿಯಲ್ಲಿ ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲ, ಅಪ್ಪ ಹೋಟೆಲಿನ ನಂಬರಿಗೇ ಮಾಡಿದರು. ಎತ್ತಿದ್ದು ನಾನೇ. "ಪುಟ್ಟೀ, ಅಮ್ಮ ಹೋಗ್ಬಿಟ್ಳು ಕಣೇ" ಅಂದರು. ಎದುರಿಗೆ ಐದಾರು ಜನ ಬ್ಯಾಗು ಹಿಡಿದು ಕಾಯುತ್ತಿದ್ದರು. ನಮಗೆ ಬಾಯಿಪಾಠ ಮಾಡಿಸಿದ್ದೇ ಬಾಯಿಗೆ ಬಂತು: "ತಿಳಿಸಿದ್ದಕ್ಕೆ ಧನ್ಯವಾದ ಸರ್. ಬೇರೇನಾದರೂ ಸಹಾಯ ಬೇಕಿತ್ತೇ?" ಅಪ್ಪ ಮೆಲ್ಲಗೆ, "ಏನೂ ಬೇಡ ಮೇಡಂ" ಎಂದು ಫೋನಿಟ್ಟರು.