ಸುರ ಇಲ್ಲದ ಅಳಿಯನ ಬೇಸ್ ಗಿಟಾರ್

ಅವ್ವನ ತಮ್ಮನೂ ಹೆಂಡತಿಯ ಅಪ್ಪನೂ ಆದ ಮಾಮಾ,

ನೀವು ಹೋಗಿ ವರ್ಷದ ಮೇಲಾಯಿತು. ಅಲ್ಲಿ ಹೇಗಿದ್ದೀರಿ ಎಂದು ಕೇಳುವುದಿಲ್ಲ. ಇಲ್ಲಿದ್ದಾಗ ನಾನು ಹೇಗಿದ್ದೇನೆಂದು ನೀವೂ ಕೇಳಿದವರಲ್ಲ. ನಮ್ಮ ಹಾಡಿನ ಮಂಡಳಿಯ ಹಾರ್ಮೋನಿಯಂ ಪೇಟಿ ನಿಮ್ಮ ಮಡಿಲಲ್ಲಿ, ಮೈಕು ನಿಮ್ಮ ಬಾಯಿಯ ಮುಂದೆ. ನಡುವೆ ಒಂದು ಮಾತು ತೂರಿಸುವ ಸಂದು ಯಾರಿಗೂ ಸಿಗಲಿಲ್ಲ. ನನಗೆ ಈಗ ಸಿಕ್ಕಿದೆ. ಎದ್ದು ಹೋಗುವ ಉಪಾಯ ನಿಮಗಿಲ್ಲ, ಪೂರ್ತಿ ಓದಿ.

ಔರಾದಿನ ಆ ಜಯಂತಿ ಕಾರ್ಯಕ್ರಮ ನೆನಪಿದೆಯೇ? ಮೂರನೆಯ ಹಾಡಿನ ನಡುವೆ ನೀವು ಪೇಟಿಯ ಮೇಲಿಂದ ಕೈ ಎತ್ತಿದಿರಿ. ಹಾಡು ನಿಂತಿತು. “ಅಳಿಯಾ, ಆ ತಂತಿ ಡಬ್ಬಾ ಬಂದ್ ಮಾಡು. ಸುರಕ್ಕ ಬರವಲ್ದು” ಎಂದಿರಿ, ಮೈಕಿನಲ್ಲಿಯೇ. ಜನ ನಕ್ಕರು. ಅಷ್ಟು ಸಾಲದೆ, “ಮಾಫ್ ಮಾಡ್ರಿ ಮಂದಿ, ನಮ್ಮ ಅಳಿಯಗ ಕೈ ಅದ, ಕಿವಿ ಇಲ್ಲ” ಎಂದಿರಿ. ಢೋಲಕ್ಕಿನ ಸಿದ್ರಾಮ ಆ ಮಾತಿಗೆ ಸರಿಯಾಗಿ ಒಂದು ಪೆಟ್ಟು ಬೇರೆ ಕೊಟ್ಟ. ನನ್ನ ಗಿಟಾರಿನ ವೈರನ್ನು ನಾನೇ ಕಿತ್ತೆ. ಡಬ್ ಎಂದು ಸದ್ದಾಯಿತು, ಅದಕ್ಕೂ ನಕ್ಕರು. ಮುಂದಿನ ಸಾಲಿನಲ್ಲಿ ನಿಮ್ಮ ಸ್ವಂತ ಅಕ್ಕ, ನನ್ನ ಅವ್ವ, ಮಗ ಬಾರಿಸುವುದನ್ನು ನೋಡಲೆಂದು ಹೊಸ ಸೀರೆ ಉಟ್ಟು ಕೂತಿದ್ದಳು. ಬಸ್ಸಿನಲ್ಲಿ ಠಾಣಾ ಕುಶನೂರ ಬರುವವರೆಗೂ ಕಿಟಕಿಯ ಆಚೆಗೇ ಮುಖ ಮಾಡಿದ್ದಳು. ಏಪ್ರಿಲ್ ತಿಂಗಳ ಹೊಲದಲ್ಲಿ ನೋಡುವುದಕ್ಕೆ ಏನಿರುತ್ತದೆ, ಮಾಮಾ?

ಆ ಗಿಟಾರು ಮೊದಲ ಸಲ ನಿಮ್ಮ ಭಾಲ್ಕಿಯ ಮನೆಗೆ ಬಂದ ದಿನವೇ ನೀವು ಅದಕ್ಕೆ ‘ತಂತಿ ಡಬ್ಬಾ’ ಎಂದು ಹೆಸರಿಟ್ಟಿದ್ದಿರಿ. ಹೈದರಾಬಾದಿನ ಅಂಗಡಿಯೊಂದರ ಮೂಲೆಯಲ್ಲಿದ್ದ ಅತಿ ಅಗ್ಗದ ಬೇಸ್ ಗಿಟಾರ್ ಅದು, ನನಗಿಂತ ಮೊದಲು ಇನ್ನೊಬ್ಬನ ಕೈಯಲ್ಲಿ ಸವೆದದ್ದು. ಕಟ್ಟಿಗೆ ಯಾವ ಗಿಡದ್ದೆಂದು ಅಂಗಡಿಯವನಿಗೂ ಗೊತ್ತಿರಲಿಲ್ಲ. ನೀವು ಸುತ್ತ ತಿರುಗಿ ನೋಡಿ, “ನಾಕ ತಂತಿ ಅಷ್ಟ? ಉಳದ ಎರಡು ಹೈದ್ರಾಬಾದಿನಾಗ ಮರತ ಬಂದಿ ಏನ್?” ಎಂದಿರಿ. ಬೇಸ್ ಗಿಟಾರಿಗೆ ನಾಲ್ಕೇ ತಂತಿ, ಢೋಲಕ್ಕಿನ ಕೆಳಗೆ ಹಾಸುವ ಜಮಖಾನೆಯ ಹಾಗೆ ಅದು ಹಾಡಿನ ಕೆಳಗೆ ಹಾಸಿರುತ್ತದೆ ಎಂದು ನಾನು ವಿವರಿಸಿದೆ. “ಹಂಗಾರ ತುಳ್ಯಾಕ ಛಲೋ ಆತು” ಎಂದಿರಿ. ಆಗ ನಾನೂ ನಕ್ಕಿದ್ದೆ.

ಮಂಡಳಿಯ ಭಾನುವಾರದ ತಾಲೀಮುಗಳಲ್ಲಿ ಏನಾಗುತ್ತಿತ್ತು ಎಂಬುದನ್ನು ಸಾವಕಾಶ ಹೇಳುತ್ತೇನೆ, ನೀವು ಕೇಳಿಯೂ ಕೇಳದ ಹಾಗೆ ಇದ್ದಿರಿ. ನಾನು ನಿಮ್ಮ ಪೇಟಿಯ ಸಾ ಹಿಡಿದು ತಂತಿ ಹೊಂದಿಸುತ್ತಿದ್ದೆ. ಸಾ ಕೂಡಿದರೆ ಪಾ ಕೂಡುತ್ತಿರಲಿಲ್ಲ. ಪಾ ಕೂಡಿಸಿದರೆ ಗಾ ಜಾರುತ್ತಿತ್ತು. ಅಗ್ಗದ ಗಿಟಾರುಗಳಿಗೆ ಇದು ಹೆಸರಾದ ರೋಗ. ತಂತಿಯನ್ನು ಖಾಲಿ ಮೀಟಿದರೆ ಸುರ ಸರಿ, ಬೆರಳಿಟ್ಟು ಮೇಲೆ ಹೋದ ಹಾಗೆ ತಪ್ಪು. ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿ ಕೂರುವ ಜಾಗ ಕೂದಲೆಳೆಯಷ್ಟು ಹಿಂದೆ ಮುಂದೆ ಇದ್ದರೆ ಹೀಗಾಗುತ್ತದೆ. ಬೀದರ ಬಸ್ ನಿಲ್ದಾಣದ ಹತ್ತಿರ ಮಿಕ್ಸಿ, ಮೊಬೈಲು, ಸ್ಪೀಕರು ರಿಪೇರಿ ಮಾಡಿಯೇ ಹೊಟ್ಟೆ ಹೊರೆದವನು ನಾನು. ಯಾರೂ ಕಲಿಸಲಿಲ್ಲ, ಬಿಚ್ಚಿ ಬಿಚ್ಚಿ ಕಲಿತೆ. ರೋಗ ಗೊತ್ತಾದ ಮೇಲೆ ಬಿಡುವವನೇ?

ಕುದುರೆಯ ಸ್ಕ್ರೂ ಒಂದೊಂದನ್ನೇ ಸಡಿಲಿಸಿ, ತಳ್ಳಿ, ಮತ್ತೆ ಬಿಗಿದೆ. ನಮ್ಮ ಬಿಸಿಲಿಗೆ ಗಿಟಾರಿನ ಕತ್ತು ಬಿಲ್ಲಿನ ಹಾಗೆ ಬಾಗುತ್ತಿತ್ತು. ಅದರೊಳಗಿನ ಉಕ್ಕಿನ ಸಲಾಕೆಯನ್ನು ಕಾಲು ಸುತ್ತು ತಿರುಗಿಸಿ, ಎರಡು ದಿನ ಬಿಟ್ಟು ನೋಡಿ, ಮತ್ತೆ ಕಾಲು ಸುತ್ತು ತಿರುಗಿಸಿದೆ. ತುದಿಯಲ್ಲಿ ತಂತಿ ಕೂರುವ ಪ್ಲಾಸ್ಟಿಕ್ ಪಟ್ಟಿಯನ್ನು ಕಿತ್ತು ಎಲುಬಿನದು ಕೂರಿಸಿದೆ. ಅದರಲ್ಲಿ ಗೆರೆ ಕೊರೆಯಲು ಪಕ್ಕದ ಗಲ್ಲಿಯ ಬಿದರಿ ಕೆಲಸದವರ ಹತ್ತಿರ ಸಣ್ಣ ಅರ ಕೇಳಿ ತಂದೆ. “ಭಾಯ್, ಇದು ಬೆಳ್ಳಿ ಹೂವಿನ ಕೆಲಸದ್ದು, ನಿಮ್ಮ ಎಲುಬಿಗಿ ಅಲ್ಲ” ಎಂದು ಗೊಣಗಿಯೇ ಕೊಟ್ಟರು. ಟ್ಯೂಬ್‌ಲೈಟ್ ಹತ್ತಿದರೆ ಗುಂಯ್ ಎನ್ನುತ್ತಿತ್ತು, ಒಳಗೆಲ್ಲ ತಾಮ್ರದ ಹಾಳೆ ಅಂಟಿಸಿ, ಅರ್ಥ್ ವೈರ್ ಬೆಸೆದೆ. ಗುಂಯ್ ಹೋಯಿತು. ಅದರಿಂದ ಆದ ಲಾಭ ಇಷ್ಟೇ, ನನ್ನ ಬೇಸುರ ಮೊದಲಿಗಿಂತ ಸ್ವಚ್ಛವಾಗಿ ಕೇಳತೊಡಗಿತು.

ನಿಮ್ಮ ಮಗಳು ಶೋಭಾ ಒಂದು ಬೆಳಿಗ್ಗೆ ಬೋಗುಣಿಯ ಮುಚ್ಚಳ ತೆಗೆದು ನಿಂತ ಭಂಗಿ ಇನ್ನೂ ಕಣ್ಣ ಮುಂದಿದೆ. ಹಳೆಯ ತಂತಿಯನ್ನು ಕುದಿಸಿದರೆ ಒಳಗಿನ ಬೆವರು, ಕೊಳೆ ಬಿಟ್ಟು ಹೊಸದರ ಹಾಗೆ ನುಡಿಯುತ್ತದೆ. ಒಂದೆರಡು ವಾರವಾದರೂ ನುಡಿಯುತ್ತದೆ.

“ರೀ, ಬ್ಯಾಳಿ ಕುದಸೋ ಬೋಗುಣ್ಯಾಗ ಇದೇನ್ರಿ, ಹಾವಿನ ಮರೀನಾ?”

“ತಂತಿ. ಹತ್ತ ನಿಮಿಷ ಅಷ್ಟ.”

“ಉಪ್ಪ ಹಾಕ್ಲೇನು?”

ನಕ್ಕು ಒಲೆಯ ಉರಿ ತಾನೇ ಜೋರು ಮಾಡಿದಳು. ನನ್ನ ರಿಪೇರಿ ಅಂಗಡಿಯಲ್ಲಿ ಆ ತಂತಿ ಪ್ರತಿ ಮೆಟ್ಟಿನಲ್ಲೂ ಸರಿಯಾಗಿ ನುಡಿಯಿತು. ಗಿಟಾರಿನ ತಲೆಗೆ ಚಿಮಟಾದ ಹಾಗೆ ಕಚ್ಚಿಸುವ ಸುರ ಅಳೆಯುವ ಯಂತ್ರದಲ್ಲಿ ಹಸಿರು ದೀಪ, ಹಸಿರು ದೀಪ, ಹಸಿರು ದೀಪ. ಭಾಲ್ಕಿಗೆ ಬಂದು ನಿಮ್ಮ ಪೇಟಿಯ ಪಕ್ಕ ಕೂತರೆ ಮತ್ತೆ ಅದೇ ಜಗಳ. ನನ್ನ ಕಿವಿಯ ಮೇಲೆ ನನಗೇ ಅನುಮಾನ ಹುಟ್ಟಿಸಿದಿರಲ್ಲ...

ಆ ಯಂತ್ರವನ್ನು ನಿಮ್ಮ ಪೇಟಿಯ ಅಂಚಿಗೆ ಕಚ್ಚಿಸಿದ ಭಾನುವಾರ ನಾನು ಮರೆಯಲಾರೆ. ಕೆಟ್ಟ ಉದ್ದೇಶವಿರಲಿಲ್ಲ. ಎರಡನ್ನೂ ಅಳೆದು ನೋಡೋಣ ಎಂದಷ್ಟೇ. ನೀವು ಪೇಟಿಯ ಬಿಳಿ, ಕರಿ ಮನೆಗಳಲ್ಲಿ ಒಂದನ್ನು ಒತ್ತಿದಿರಿ. ಕೆಂಪು ದೀಪ. ಥಟ್ಟನೆ ಅದನ್ನು ಕಿತ್ತು ನನ್ನ ಮಡಿಲಿಗೆ ಎಸೆದಿರಿ. “ಏನಲೇ, ಪೇಟಿಗಿ ಜ್ವರಾ ನೋಡ್ತಿ ಏನ್? ನಿನ್ನ ಡಬ್ಬಾಕ್ಕ ಹಚ್ಕೋ.” ಎಲ್ಲರೂ ನಕ್ಕರು. ಯಂತ್ರವೂ ಅಗ್ಗದ್ದೇ, ಅದೂ ಸುಳ್ಳು ಹೇಳುತ್ತಿರಬೇಕು ಎಂದುಕೊಂಡು ಜೇಬಿಗೆ ಹಾಕಿದೆ. ಮುಂದಿನ ವಾರವೇ ಔರಾದಿನ ಕಾರ್ಯಕ್ರಮ. ಆ ಭಾನುವಾರಕ್ಕೂ ಔರಾದಿಗೂ ನಡುವೆ ಒಂದು ದಾರವಿದೆ ಎಂದು ನನಗೆ ಕಾಣಲು ನೀವು ಸಾಯಬೇಕಾಯಿತು.

ಔರಾದಿನ ಮಾತು ನನಗಿಂತ ಮೊದಲು ಬೀದರ ಮುಟ್ಟಿತ್ತು. ಸ್ಪೀಕರು ತಂದವರು, “ಅಣ್ಣಾರ, ಕಿವಿ ಇಲ್ಲಾ ಅಂತಲ್ಲ, ಸೌಂಡ್ ಹ್ಯಾಂಗ ಚೆಕ್ ಮಾಡ್ತೀರಿ?” ಎಂದು ಚೇಷ್ಟೆ ಮಾಡುತ್ತಿದ್ದರು. ಚೇಷ್ಟೆಯವರಾದರೂ ಬರುತ್ತಿದ್ದರು. ನಂಬಿದವರು ಬರುವುದನ್ನೇ ಬಿಟ್ಟರು. ಕೈಗೆ ಮಾತ್ರ ಕೆಲಸ, ಕಿವಿಗೆ ಬೇಕಾದ ಕೆಲಸ ಒಂದೂ ಇಲ್ಲ. ಮಂಡಳಿಯಿಂದ ಕರೆ ಬರಲಿಲ್ಲ. ನೀವು ತೀರಿಕೊಂಡ ದಿನ ಹೆಣದ ಮುಂದೆ ಹಾಡಿದರಲ್ಲ, ಆಗಲೂ ಸಿದ್ರಾಮ ನನ್ನ ಕಡೆ ನೋಡಿ, ‘ನೀ ತಾಳಾ ಹಾಕು’ ಎಂದು ಕೈಸನ್ನೆ ಮಾಡಿದ. ಹಾಕಿದೆ. ಗಿಟಾರು ಅಂಗಡಿಯ ಗೋಡೆಯ ಮೇಲೆಯೇ ಇತ್ತು. ನಿಲ್ಲಿಸಿದ ಗಾಡಿಗೆ ಎಣ್ಣೆ ಹಾಕುವ ಹಾಗೆ ಅದರ ತಂತಿ ಬಿಗಿಯುವ ಕಿವಿಗಳಿಗೆ ಎಣ್ಣೆ ಹಾಕುತ್ತಲೇ ಇದ್ದೆ.

ನಿಮ್ಮ ವರ್ಷದ ಕಾರ್ಯಕ್ರಮಕ್ಕೆ ಹದಿನೈದು ದಿನವಿರುವಾಗ ಸಿದ್ರಾಮ ಪೇಟಿಯನ್ನು ಅಂಗಡಿಗೆ ತಂದ. ಗಾಳಿ ಸೋರುತ್ತಿದೆ, ಮಾಸ್ತರರ ಪೇಟಿಯನ್ನೇ ವೇದಿಕೆಯಲ್ಲಿ ನುಡಿಸಬೇಕು ಎಂದು ಮಂಡಳಿಯ ಹಟ. “ಗಾಳಿ ಅಷ್ಟ ನೋಡು. ಸುರದ ತಂಟೆಕ್ಕ ಹೋಗಬ್ಯಾಡ” ಎಂದ. ಗಾಳಿಯದು ಅರ್ಧ ಗಂಟೆಯ ಕೆಲಸ. ಆದರೆ ಪೇಟಿಯನ್ನು ಪೂರಾ ಬಿಚ್ಚದೆ ಬಿಡುವವನು ನಾನಲ್ಲ, ನಿಮಗೆ ಗೊತ್ತು.

ಒಳಗೆ ಹಿತ್ತಾಳೆಯ ನಾಲಗೆಗಳು ಸಾಲಾಗಿ ಮಲಗಿದ್ದವು. ನಾಲಗೆಯ ತುದಿ ಕೆರೆದರೆ ಸುರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಪೇಟಿ ಮಾಡುವವರು ಯಾರನ್ನು ಕೇಳಿದರೂ ಹೇಳುತ್ತಾರೆ. ನಿಮ್ಮವೆಲ್ಲ ಬುಡದಲ್ಲಿ ಕೆರೆದವು. ಎಲ್ಲ ಮನೆಗಳೂ ಅಲ್ಲ, ‘ಕರಿ ಎರಡು’, ಅಂದರೆ ಎರಡನೆಯ ಕರಿ ಮನೆಯನ್ನು ಸಾ ಎಂದು ಹಿಡಿದು ಹಾಡಿದರೆ ಬೆರಳು ಓಡಾಡುವ ಮನೆಗಳು ಮಾತ್ರ. ಹಳೆಯ ಗೀರುಗಳು ಕಪ್ಪಾಗಿದ್ದವು, ಮೇಲಿನ ಹೊಸವು ಹೊಳೆಯುತ್ತಿದ್ದವು. ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ. ಕಣ್ಣು ಮಂದವಾದವರು ಬ್ಲೇಡು ಹಿಡಿದರೆ ಹಾಗೇ ಆಗುತ್ತದೆ. ಯಂತ್ರ ಕಚ್ಚಿಸಿದೆ. ನೀವು ಮುಟ್ಟದ ಮನೆಗಳೆಲ್ಲ ಹಸಿರು, ಮುಟ್ಟಿದವೆಲ್ಲ ಕೆಂಪು. ‘ಈ ವಯಸ್ಸಿನಾಗೂ ಕರಿ ಎರಡರಾಗ ಹಾಡ್ತೇನಿ, ಒಂದ್ ಮನಿ ಕೆಳಗ ಇಳದಿಲ್ಲ’ ಎಂದು ಲಗ್ನಗಳಲ್ಲಿ, ಬುದ್ಧ ವಿಹಾರದಲ್ಲಿ, ಬಸ್ಸಿನಲ್ಲಿ ಕೂತವರಿಗೂ ಹೇಳುತ್ತಿದ್ದಿರಿ. ಇಳಿದಿರಲಿಲ್ಲ, ನಿಜ. ಪೇಟಿಯನ್ನೇ ನಿಮ್ಮ ಜೊತೆಗೆ ಇಳಿಸಿಕೊಂಡು ಬಂದಿದ್ದಿರಿ. ಅದನ್ನು ಯಾರ ತಲೆಗೆ ಕಟ್ಟಿದಿರಿ?

ಭಾಲ್ಕಿಗೆ ಹೋದಾಗ ಅತ್ತೆ ತೊಗರಿ ಬೇಳೆ ಆರಿಸುತ್ತಿದ್ದರು.

“ಅತ್ತಿ, ಮಾಮಾ ಪೇಟಿ ಕೆರದಾರ” ಎಂದೆ.

“ಹೌದ್ರಿ, ವರ್ಷಾ ವರ್ಷಾ ಕೆರೀತಿದ್ರು.” ಬೇಳೆಯ ಮೇಲಿನ ಕೈ ನಿಲ್ಲಲಿಲ್ಲ.

“ನಿಮಗ ಗೊತ್ತಿತ್ತಾ?”

“ಬ್ಲೇಡ್ ತಂದು ಕೊಡಾಕಿ ನಾನ. ಗಂಟಲಾ ಕುಂತಿತ್ರಿ ಅವರದು. ಒಂದ್ ಮನಿ ಕೆಳಗ ಹಾಡ್ರಿ ಅಂದೆ. ಎರಡ್ ದಿನ ಊಟ ಬಿಟ್ರು.”

“ಮತ್ತ ನನಗ ಯಾಕ ಅಂದ್ರು, ಅಷ್ಟು ಮಂದಿ ಎದುರಿಗಿ?”

“ನಿಮ್ಮ ಆ ದೀಪದ ಚಿಮಟಾ ಕಂಡು ಹೆದರಿದ್ರು. ಅಳಿಯಾ ಹಿಡದ್ ಬಿಟ್ಟಾನ, ಅವನ್ನ ಮೊದಲ ತಗೀಬೇಕು ಅಂದ್ರು.” ಒಂದು ಕಲ್ಲು ಸಿಕ್ಕಿತು, ಎತ್ತಿ ಬಿಸಾಡಿದರು. “ಅವರು ಮಂದಿ ಎದುರಿಗಿ ಅಂದಾರ, ನೀವೂ ಮಂದಿ ಎದುರಿಗೇ ಅನ್ರಿ. ಮನ್ಯಾಗ ಮಾತ್ರ ಅನಬ್ಯಾಡ್ರಿ. ಶೋಭಾ ಪಾಪ, ಅಪ್ಪನ ಫೋಟೋ ದಿನಾ ಒರಸ್ತಾಳ.”

ಆಗ ಒಂದು ಕ್ಷಣ ನಿಮ್ಮ ಮೇಲೆ ಕನಿಕರ ಬಂದದ್ದು ಸುಳ್ಳಲ್ಲ. ಭಾಲ್ಕಿ ಬಸ್ ನಿಲ್ದಾಣಕ್ಕೆ ನಡೆದು ಬರುವಷ್ಟರಲ್ಲಿ ಹೋಯಿತು.

ನಾಲ್ಕು ದಿನ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ಗೋಡೆಯ ಮೇಲಿನ ಗಿಟಾರನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡೆ, ಪೇಟಿಯನ್ನು ಎದುರಿಗೆ. ಗಿಟಾರಿನಲ್ಲಿ ಒಂದು ಸುರ ಮೀಟಿ, ಪೇಟಿಯಲ್ಲಿ ಅದೇ ಮನೆ ಒತ್ತಿದರೆ ಎರಡರ ನಡುವೆ ಒಂದು ನಡುಕ ಕೇಳುತ್ತದೆ. ನಾಲಗೆಯ ತುದಿಯನ್ನು ಒಂದಿಷ್ಟೇ ಕೆರೆದರೆ ನಡುಕ ನಿಧಾನವಾಗುತ್ತದೆ. ಇನ್ನಷ್ಟು ಕೆರೆದರೆ ನಿಲ್ಲುತ್ತದೆ. ಒಂದೊಂದು ನಡುಕ ನಿಂತಾಗಲೂ ನಿಮಗೆ ಒಂದೊಂದು ಮಾತು ಅಂದೆ. ಅವನ್ನು ಇಲ್ಲಿ ಬರೆಯುವುದಿಲ್ಲ, ಈ ಕಾಗದ ಶೋಭಾಳ ಕೈಗೆ ಸಿಕ್ಕರೆ ಕಷ್ಟ. ಯಂತ್ರದ ನೆರವು ಬೇಕೆಂದೇ ತೆಗೆದುಕೊಳ್ಳಲಿಲ್ಲ. ನಿಮ್ಮ ಪೇಟಿಯನ್ನು ನನ್ನ ಡಬ್ಬಾಕ್ಕೆ, ಬರೀ ನನ್ನ ಕಿವಿಯಿಂದ ಹೊಂದಿಸಿದೆ. ಕೊನೆಗೆ ಯಂತ್ರ ಕಚ್ಚಿಸಿ ನೋಡಿದೆ. ಒಂದೂ ಕೆಂಪಿಲ್ಲ.

ಕಾರ್ಯಕ್ರಮದ ದಿನ ನಿಮ್ಮ ಜಾಗದಲ್ಲಿ ನಿಮ್ಮ ಮೆಚ್ಚಿನ ಶಿಷ್ಯ ಗೌತಮ ಕೂತ. “ಗುರುಗಳ ಪೇಟಿ, ಗುರುಗಳ ಹಾಡು, ಗುರುಗಳ ಕರಿ ಎರಡು” ಎಂದು ಎದೆಯುಬ್ಬಿಸಿ ಹಾಡು ಎತ್ತಿಕೊಂಡ. ಎರಡನೆಯ ಸಾಲಿನ ಏರಿಗೆ ಬಂದಾಗ ಗಂಟಲು ಹರಿದ ಅರಿವೆಯ ಹಾಗೆ ಚರ್ ಎಂದಿತು. ಕೆಮ್ಮಿದ, ನೀರು ಕುಡಿದ, ಮತ್ತೆ ಎತ್ತಿಕೊಂಡ, ಮತ್ತೆ ಚರ್. “ಪೇಟಿ ಕೆಟ್ಟದ!” ಎಂದ. “ಕಿವಿ ಇಲ್ಲದವಗ ಕೊಟ್ರ ಮತ್ತೇನಾಗ್ತದ?” ಎಂದು ಸಿದ್ರಾಮ ಜನರ ಕಡೆ ತಿರುಗಿದ. ನಾನು ಎದ್ದು ಮೈಕು ತೆಗೆದುಕೊಂಡೆ.

“ಪೇಟಿ ಕೆಟ್ಟಿಲ್ಲರಿ. ಇಷ್ಟು ವರ್ಷ ಕೆಟ್ಟಿತ್ತು, ಈಗ ಸರಿ ಆಗ್ಯದ. ನಮ್ಮ ಮಾಮಾನ ಗಂಟಲಾ ಇಳದಾಗೆಲ್ಲ ಮಾಮಾ ಇದರ ಬುಡಾ ಕೆರದಾರ. ಔರಾದಿನಾಗ ಬೇಸುರ ಇದ್ದದ್ದು ನನ್ನ ಗಿಟಾರ್ ಅಲ್ಲ, ಈ ಪೇಟಿ.”

ಜನ ಅತ್ತೆಯ ಕಡೆ ನೋಡಿದರು. ಅತ್ತೆ ಸೆರಗು ಸರಿಮಾಡಿಕೊಂಡು ಹೌದೆಂದು ಗೋಣು ಹಾಕಿದರು. ಶೋಭಾ ತಲೆ ಎತ್ತಲಿಲ್ಲ. ಆಮೇಲೆ ಸಿದ್ರಾಮ ಅಂದ ಮಾತು ಕೇಳಿ, ಮಾಮಾ. “ನಮಗೇನ್ ಗೊತ್ತಿರಲಿಲ್ಲಾ? ನಮ್ಮ ಗಂಟಲನೂ ಇಳದಿತ್ತಲ್ಲೋ ಮಾರಾಯ. ಪೇಟಿ ಇಳದಷ್ಟು ನಮಗ ಆರಾಮ. ನೀ ಒಬ್ಬಾಂವ ಹೊಸಾ ಸುರಾ ತಗೊಂಡು ಬಂದಿ.” ಇಡೀ ಮಂಡಳಿ ನೆಲ ನೋಡುತ್ತಿತ್ತು. ನಾನು ಗಿಟಾರಿನ ಸಲಾಕೆ ತಿರುಗಿಸಿ, ಎಲುಬು ಕೊರೆದು, ತಂತಿ ಕುದಿಸಿದ ಅಷ್ಟೂ ದಿನ ಎಲ್ಲರಿಗೂ ಗೊತ್ತಿತ್ತು! ಸೇಡು ಒಬ್ಬರ ಮೇಲೆ ಎಂದುಕೊಂಡು ಹೋದವನಿಗೆ ಏಳು ಜನ ಸಿಕ್ಕರು.

“ಮುಂದ ಹ್ಯಾಂಗ?” ಎಂದ ಗೌತಮ, ಸಣ್ಣ ದನಿಯಲ್ಲಿ.

“ಕರಿ ಒಂದಕ್ಕ ಇಳೀರಿ” ಎಂದೆ, ಮೈಕಿನಲ್ಲಿಯೇ.

ನಿಮ್ಮ ಫೋಟೋದ ಎದುರಿಗೇ ಇಳಿದರು. ಗಿಟಾರಿನ ವೈರು ಚುಚ್ಚಿ ನಾನೂ ಕೂತೆ. ಗಂಟಲು, ಪೇಟಿ, ಗಿಟಾರು ಮೂರೂ ಕೂಡಿದವು. ಹಾಡು ನೀವೇ ಕಟ್ಟಿದ್ದು, ಚೆನ್ನಾಗಿದೆ. ಅದರ ಮೇಲೆ ಸೇಡು ತೀರಿಸಿಕೊಳ್ಳುವ ದಾರಿ ನನಗೆ ಇನ್ನೂ ತೋಚಿಲ್ಲ.

ಮನೆಗೆ ಬಂದ ಮೇಲೆ ಶೋಭಾ ಮೂರು ದಿನ ಮಾತು ಬಿಟ್ಟಿದ್ದಳು. ನಾಲ್ಕನೆಯ ದಿನ, “ಅಪ್ಪನ್ನ ಮಾಫ್ ಮಾಡೀರೇನ್ರಿ?” ಎಂದು ಕೇಳಿದಳು. ಇಲ್ಲ ಎಂದೆ. ನಿಮಗೂ ಅದನ್ನೇ ಹೇಳುತ್ತೇನೆ, ಇಲ್ಲ. ನೀವು ಕೆರೆದದ್ದಕ್ಕಲ್ಲ. ಗಂಟಲು ಇಳಿಯುವುದು ಯಾರ ಕೈಯಲ್ಲೂ ಇಲ್ಲ. ಆದರೆ ಒಂದು ಸಲ ನನ್ನನ್ನು ಪಕ್ಕಕ್ಕೆ ಕರೆದು, ‘ಅಳಿಯಾ, ಹಿಂಗಾಗ್ಯದ, ನಿನ್ನ ತಂತಿನೂ ಒಂದೀಟು ಇಳಿಸ್ಕೋ’ ಎಂದಿದ್ದರೆ... ನಾಲಗೆಗಳನ್ನೆಲ್ಲ ನಾನೇ ಸಮನಾಗಿ ಇಳಿಸಿ, ಗಿಟಾರನ್ನೂ ಇಳಿಸಿಕೊಂಡು, ಸಾಯುವವರೆಗೂ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ನೀವು ಕೇಳಲಿಲ್ಲ.

ನಿಮಗೆ ಯಾರೂ ಹೇಳಿರದ ಸುದ್ದಿ ಒಂದು ಉಳಿದಿದೆ. ಮೊನ್ನೆ ಕಮಠಾಣದ ಲಗ್ನದಲ್ಲಿ ಮಂಡಳಿಯವರೆಲ್ಲ ಕೂತು, ಗಂಟಲು ಸರಿಮಾಡಿಕೊಂಡು, ಮೊದಲ ಸುರಕ್ಕಾಗಿ ಪೇಟಿಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. ಸಿದ್ರಾಮ ಢೋಲಕ್ಕಿನ ಹಗ್ಗ ಹಿಡಿದುಕೊಂಡು, “ಸುರಾ ಕೊಡ್ರಿ” ಎಂದ. ಕೊಡು ಅನ್ನಲಿಲ್ಲ, ಕೊಡ್ರಿ ಎಂದ. ಕೊಡುವುದಕ್ಕೆ ಮೊದಲು ನಾನು ಕರವಸ್ತ್ರ ತೆಗೆದು ನಾಲ್ಕೂ ತಂತಿಗಳನ್ನು ಒಂದೊಂದಾಗಿ, ಮೇಲಿಂದ ಕೆಳಗೆ, ಸಾವಕಾಶ ಒರೆಸಿದೆ. ಏಳೂ ಜನ ಬಾಯಿ ತೆರೆದುಕೊಂಡು ಕಾದರು. ಇನ್ನು ಮುಂದೆ ಪ್ರತಿ ಕಾರ್ಯಕ್ರಮದಲ್ಲೂ ಕಾಯುತ್ತಾರೆ.