ಅಪ್ಪ ಅರ್ಧಕ್ಕೆ ಬಿಟ್ಟ ಆಂಪ್ಲಿಫೈಯರ್

ಎಲ್ ಮೀನಾ, ಟ್ರಿಪೋಲಿ
೧೧ ಅಕ್ಟೋಬರ್ ೧೯೯೪, ಮಂಗಳವಾರ

ಪ್ರೀತಿಯ ತಮ್ಮ ನಬೀಹ್‌ಗೆ,

ಹೇಗಿದ್ದೀಯಪ್ಪಾ? ಮೂತ್ರಪಿಂಡದ ಕಲ್ಲು ಬಿತ್ತೋ, ಇಲ್ಲಾ ಇನ್ನೂ ಸತಾಯಿಸ್ತಿದೆಯೋ? ಬಾರ್ಲಿ ನೀರು ಕುಡಿ ಅಂದರೆ ಕಾಫಿ ಕುಡಿಯುವವನು ನೀನು. ಸಾವೊ ಪಾವ್ಲೊದಲ್ಲಿ ನಿನ್ನನ್ನು ಗದರುವ ಅಧಿಕಾರ ಪೂರ್ತಿ ನಿನ್ನ ಹೆಂಡತಿ ಮರ್ಲೇನಿಗೆ ಕೊಟ್ಟಿದ್ದೇನೆ ಅಂತ ಅವಳಿಗೆ ಹೇಳಿಬಿಡು. ಲುಸಿಯಾನಾಳ ಹಾಲುಹಲ್ಲು ಬಿದ್ದ ಫೋಟೊ ಬಂತು. ಥೇಟ್ ಅಮ್ಮನ ಬಾಯಿ! ಮೊಮ್ಮಗಳನ್ನು ನೋಡದೆ ಹೋದಳಲ್ಲ ನಮ್ಮಮ್ಮ. ನಾನು ಚೆನ್ನಾಗಿದ್ದೇನೆ. ಶಾಲೆಯ ಮೆಟ್ಟಿಲು ಹತ್ತುವಾಗ ಮಂಡಿ ಸ್ವಲ್ಪ ಹಿಡಿದುಕೊಳ್ಳುತ್ತೆ, ಅದು ಬಿಟ್ಟರೆ ನಿನ್ನಕ್ಕ ಗಟ್ಟಿಯಾಗಿದ್ದಾಳೆ.

ಮೊನ್ನೆ ಭಾನುವಾರ ಹ್ಯಾಮ್ ರೇಡಿಯೊದಲ್ಲಿ ನೀನು "ಅಕ್ಕಾ, ಪಕ್ಕದ ಕೋಣೆಯಿಂದ ಮಾತಾಡಿದ ಹಾಗಿದೆಯಲ್ಲೇ!" ಅಂತ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಎರಡು ವರ್ಷದಿಂದ ನಿನ್ನ ದನಿ ನನಗೆ ಕೇಳುತ್ತಿತ್ತು, ನನ್ನ ಸಣ್ಣ ಸೆಟ್ಟಿನ ದನಿ ಮಾತ್ರ ನಿನಗೆ ಸಮುದ್ರದ ಗಲಾಟೆಯಲ್ಲಿ ಕಳೆದುಹೋಗುತ್ತಿತ್ತು. ನಾನು ಸೋದರತ್ತೆಯ ಆಪರೇಷನ್ ವಿಷಯ ಹೇಳಿದರೆ ನೀನು "ಹೌದಾ, ತುಂಬಾ ಸಂತೋಷ" ಅಂದಿದ್ದು ನೆನಪಿದೆಯಾ? ಮೊನ್ನೆಯಾದರೂ ಮನಸಾರೆ ಮಾತಾಡೋಣ ಅಂದರೆ ಆ ಸಿಸಿಲಿಯ ಮುದುಕ ನಡುವೆ ನುಗ್ಗಿ ನಿನ್ನ ಜೊತೆ ಕಾಲ್ಚೆಂಡಿನ ಸುದ್ದಿ ಶುರುಮಾಡಿದ. ದನಿಗೆ ಇಷ್ಟು ಬಲ ಕೊಟ್ಟ ಈ ಆಂಪ್ಲಿಫೈಯರ್ ಹೇಗೆ ಕಟ್ಟಿದೆ, ಯಾರು ಸಹಾಯ ಮಾಡಿದರು ಅಂತ ನೀನು ಕೇಳಿದ್ದಕ್ಕೆ "ಬರೀತೀನಿ" ಅಂದೆ. ಅದಕ್ಕೇ ಈ ಕಾಗದ. ನಿಧಾನವಾಗಿ ಓದು.

ಆ ಪೆಟ್ಟಿಗೆ ನಿನಗೆ ಮರೆತಿರಲಿಕ್ಕಿಲ್ಲ. ಎಪ್ಪತ್ತೈದನೇ ಇಸವಿ, ಯುದ್ಧ ಶುರುವಾದ ವರ್ಷದ ವಸಂತ. ಅಮೆರಿಕದಿಂದ ಹಡಗಲ್ಲಿ ಬಂದ ಬಿಡಿಭಾಗಗಳ ಪೆಟ್ಟಿಗೆಯನ್ನು ತರಕಾರಿ ಗಾಡಿಯ ಮೇಲೆ ಹೇರಿ ಬಂದರಿನಿಂದ ಮನೆವರೆಗೂ ತಳ್ಳಿಕೊಂಡು ಬಂದಿರಿ, ಅಪ್ಪ, ನೀನು, ಮತ್ತೆ ಅಪ್ಪನ ಹತ್ತಿರ ರೇಡಿಯೊ ಕಲಿತು ಹಡಗಿಗೆ ಸೇರಿದ್ದ ಮಿತ್ರಿ. ಟ್ರಾನ್ಸ್‌ಫಾರ್ಮರ್ ಒಂದೇ ಕುರಿಯಷ್ಟು ತೂಕ. ಅಮ್ಮ ಬಾಗಿಲಲ್ಲಿ ನಿಂತು "ರೆಫ್ರಿಜರೇಟರ್ ತರಿಸಿ ಅಂದ್ರೆ ಕಬ್ಬಿಣ ತಂದ್ರಲ್ಲಾ!" ಅಂತ ಹಣೆ ಬಡಿದುಕೊಂಡಳು. ಅಪ್ಪ ಊಟದ ಮೇಜಿನ ಮೇಲೆ ಬಿಳಿ ಚಾದರ ಹಾಸಿ ಸ್ಕ್ರೂ, ನಟ್ಟು, ರೆಸಿಸ್ಟರು ಎಲ್ಲವನ್ನೂ ಮೊಟ್ಟೆ ಇಡುವ ಕಾಗದದ ತಟ್ಟೆಗಳಲ್ಲಿ ವಿಂಗಡಿಸಿದ. ಒಂದೊಂದು ಹಂತ ಮುಗಿದಾಗಲೂ ಕೈಪಿಡಿಯಲ್ಲಿ ಪೆನ್ಸಿಲ್ ಗುರುತು. ನಿನಗೆ ಬೆಸುಗೆ ಹಾಕಲು ಕೊಟ್ಟ, ನನಗೆ ತಾಮ್ರದ ತಂತಿಯ ಕಾಯಿಲ್ ಸುತ್ತಲು ಕೊಟ್ಟ, "ಹೆಣ್ಣುಮಕ್ಕಳ ಕೈಯಲ್ಲಿ ಸುತ್ತು ಒಂದರ ಪಕ್ಕ ಒಂದು ಕೂರುತ್ತೆ" ಅಂತ. ಮೂರು ವಾರ ನಾವು ನಿಂತುಕೊಂಡೇ ಊಟ ಮಾಡಿದೆವು. ಆಮೇಲೆ ಗುಂಡಿನ ಸದ್ದು ಊರಿಗೂ ಬಂತು. ಆಂಟೆನಾ ಏರಿಸಿದವನನ್ನು ಆ ಕಡೆಯವರೂ ಈ ಕಡೆಯವರೂ ಗೂಢಚಾರ ಅನ್ನುವ ಕಾಲ. ಅಪ್ಪ ತಾನೇ ಮಾಳಿಗೆ ಹತ್ತಿ ತಂತಿ ಇಳಿಸಿ ಅಮ್ಮನಿಗೆ ಬಟ್ಟೆ ಒಣಗಿಸಲು ಕಟ್ಟಿಕೊಟ್ಟ. ಪೆಟ್ಟಿಗೆ ಅಟ್ಟ ಸೇರಿತು. ನೀನು ಸಾವೊ ಪಾವ್ಲೊಗೆ ಹೊರಟೆ. ಅಪ್ಪ ತೀರಿಹೋದಾಗ ವಿಮಾನ ನಿಲ್ದಾಣ ಮುಚ್ಚಿತ್ತು, ನೀನು ಬರಲಾಗಲಿಲ್ಲ. ಅದಕ್ಕೆ ನೀನು ಇವತ್ತಿಗೂ ಕೊರಗುತ್ತೀಯ ಅಂತ ಮರ್ಲೇನಿ ಬರೆದಿದ್ದಳು. ಬೇಡಪ್ಪಾ. ಅಪ್ಪ ಕೊನೆಯವರೆಗೂ "ಹುಡುಗ ಸುರಕ್ಷಿತವಾಗಿದ್ದಾನಲ್ಲ" ಅಂತಲೇ ಸಮಾಧಾನಪಟ್ಟ.

ಈ ವರ್ಷ ಈಸ್ಟರ್ ಕಳೆದ ಮೇಲೆ ನಾನೇ ಪೆಟ್ಟಿಗೆ ಇಳಿಸಿದೆ. ಪಕ್ಕದ ಮನೆಗೆ ಷೆಲ್ ಬಿದ್ದಾಗ ಅಟ್ಟದ ಗಾರೆಯೆಲ್ಲ ಅದರ ಮೇಲೆ ಸುರಿದಿತ್ತು. ತೆರೆದು ನೋಡಿದರೆ, ನಬೀಹ್, ಅಪ್ಪನೂ ನೀನೂ ಹಾಕಿದ ಬೆಸುಗೆಗಳು ಇನ್ನೂ ಪಳಪಳ ಅಂತಿದ್ದವು. ಪೆನ್ಸಿಲ್ ಗುರುತು ಒಂದು ಪುಟದ ನಡುವೆ ನಿಂತಿತ್ತು. ನಾನು ಕುರ್ಚಿ ಎಳೆದು ಕೂತು ಚೆನ್ನಾಗಿ ಅತ್ತೆ. ಆಮೇಲೆ ಮುಖ ತೊಳೆದು, ಮೇಜಿಗೆ ಚಾದರ ಹಾಸಿದೆ. ಆದರೆ ಬಲ್ಬಿನಂಥ ಎರಡು ದೊಡ್ಡ ಗಾಜಿನ ವಾಲ್ವ್‌ಗಳಲ್ಲಿ ಒಂದು ಒಡೆದು ಪುಡಿಯಾಗಿತ್ತು. ಬೈರೂತ್‌ನ ಅಂಗಡಿಯವನಿಗೆ ಅದರ ಹೆಸರು ಹೇಳಿದರೆ "ಟೀಚರ್, ಇದನ್ನು ಮ್ಯೂಸಿಯಂನಲ್ಲಿ ಕೇಳಿ" ಅಂತ ನಕ್ಕ.

ಚರ್ಚಿನ ಹೊರಗೆ ಈ ಗೋಳು ಹೇಳಿಕೊಳ್ಳುತ್ತಿದ್ದಾಗ ಹಿಂದಿನಿಂದ ಯಾರೋ "ಆ ವಾಲ್ವ್ ನನ್ನ ಹತ್ರ ಇದೆ" ಅಂದರು. ತಿರುಗಿ ನೋಡಿದರೆ ಮಿತ್ರಿ! ಪಿರೇಯಸ್‌ನಲ್ಲಿ ಮನೆ ಮಾಡಿಕೊಂಡು ಹದಿನೆಂಟು ವರ್ಷ ಹಡಗುಗಳಲ್ಲಿ ರೇಡಿಯೊ ಅಧಿಕಾರಿಯಾಗಿದ್ದ ಮನುಷ್ಯ, ತಲೆ ಪೂರ್ತಿ ಬೆಳ್ಳಗೆ. ಹೆಂಡತಿ ಎಲೆನಿ ಎರಡು ವರ್ಷದ ಹಿಂದೆ ತೀರಿಕೊಂಡಳಂತೆ, ಮಕ್ಕಳಿಲ್ಲ. ಹಡಗುಗಳೂ ಉಪಗ್ರಹದ ಫೋನು ಹಾಕಿಸಿಕೊಂಡು ರೇಡಿಯೊದವರನ್ನು ಮನೆಗೆ ಕಳಿಸುತ್ತಿವೆ, ಅದಕ್ಕೇ ಊರಿಗೇ ಮರಳಿದರಂತೆ. ಗುಜರಿಗೆ ಹೋದ ಹಡಗಿನಿಂದ ತಂದಿಟ್ಟ ವಾಲ್ವನ್ನು ಉಣ್ಣೆಯ ಕಾಲುಚೀಲದೊಳಗೆ ಸುತ್ತಿ ಮಾರನೇ ದಿನವೇ ಮನೆಗೆ ತಂದರು. ಹಾಗೇ ಕೊಟ್ಟು ಹೋಗಬಹುದಿತ್ತು. ಮೇಜು ನೋಡಿ "ಇದು ಮೇಷ್ಟ್ರ ಚಾದರ ಅಲ್ವಾ?" ಅಂದವರು ಕೂತೇಬಿಟ್ಟರು.

ಅಂದಿನಿಂದ ಪ್ರತಿ ಭಾನುವಾರ ಪೂಜೆ ಮುಗಿಸಿ ಬರುತ್ತಿದ್ದರು, ಬರುವಾಗ ಒಣಸೊಪ್ಪು, ಎಳ್ಳು ಸವರಿದ ಬಿಸಿ ಜಾತರ್ ರೊಟ್ಟಿ. ನಾನು ಕೈಪಿಡಿ ಗಟ್ಟಿಯಾಗಿ ಓದುವುದು, ಅವರು ಕನ್ನಡಕ ಹಣೆಗೇರಿಸಿ ಸ್ಕ್ರೂ ಹುಡುಕುವುದು. "ಟೀಚರ್, ನಿಧಾನ, ನಾನು ಹಿಂದಿನ ಬೆಂಚಿನವನು" ಅಂತ ರೇಗಿಸುತ್ತಿದ್ದರು. ಒಣಗಿಹೋದ ಕೆಪಾಸಿಟರುಗಳ ಬದಲು ಹೊಸವನ್ನು ಹಾಕಿದೆವು. ನಾನು ಆಗ ಸುತ್ತಿದ್ದ ಕಾಯಿಲ್ ಮಾತ್ರ ಒಂದು ಸುತ್ತೂ ಅಲುಗದೆ ಇತ್ತು. ಅದನ್ನು ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮೇಲಿನ ಮನೆಯ ಉಮ್ ಫಾರೂಕ್ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ "ಏನಮ್ಮಾ ವದಾದ್, ಇನ್ನೂ ರಿಪೇರಿ ಮುಗಿದಿಲ್ವಾ?" ಅಂತ ಎಳೆದು ಎಳೆದು ಕೇಳುತ್ತಿದ್ದಳು. ಕೇಳಲಿ ಬಿಡು. ನಮ್ಮ ಮನೆಯಲ್ಲಿ ಗಂಡಸಿನ ಕೆಮ್ಮು ಕೇಳಿ ಎಷ್ಟು ಕಾಲವಾಗಿತ್ತು.

ಈಗ ಹೇಳುವುದನ್ನು ಕೇಳಿ ಗಾಬರಿಯಾಗಬೇಡ, ನನಗೆ ಏನೂ ಆಗಿಲ್ಲ. ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಕರೆಂಟು ಕೊಟ್ಟೆವು. ವಾಲ್ವ್‌ಗಳು ದೀಪದ ಹಾಗೆ ಹೊತ್ತಿಕೊಂಡವು. ನಾನು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆ. ಆರಿಸಿದ ಮೇಲೆ ಒಳಗೊಂದು ತಂತಿ ಸ್ವಲ್ಪ ಓರೆಯಾಗಿದೆ ಅನಿಸಿ ಸರಿಮಾಡೋಣ ಅಂತ ಕೈ ಚಾಚಿದೆ. ಕರೆಂಟು ಆರಿಸಿದರೂ ಕೆಪಾಸಿಟರುಗಳಲ್ಲಿ ಎರಡು ಸಾವಿರ ವೋಲ್ಟಿಗೂ ಮೀರಿ ಉಳಿದಿರುತ್ತೆ, ಅದನ್ನು ಹರಿಸಿಬಿಡಲು ಬೇರೆ ರೆಸಿಸ್ಟರುಗಳಿವೆ, ನಿನಗೆ ಗೊತ್ತು. ಆ ಸಾಲಿನಲ್ಲಿ ನಾನು ಹಾಕಿದ ಒಂದು ಬೆಸುಗೆ ಹಿಡಿದಿರಲಿಲ್ಲ. ಮೀಟರಿನ ಮುಳ್ಳು ಇಳಿದಿಲ್ಲ ಅನ್ನೋದನ್ನ ನಾನು ನೋಡಲಿಲ್ಲ, ಮಿತ್ರಿ ನೋಡಿದರು. "ವದಾದ್! ತೆಗಿ ಕೈ!" ಅಂತ ಅರಚಿ ನನ್ನ ತೋಳು ಹಿಡಿದು ಎಳೆದ ರಭಸಕ್ಕೆ ಇಬ್ಬರೂ ನೆಲಕ್ಕೆ ಬಿದ್ದೆವು, ಕಾಫಿಯ ತಟ್ಟೆಯೂ ಬಿತ್ತು. ಎದ್ದು, ತುದಿಗೆ ಅರ್ಥಿಂಗ್ ತಂತಿ ಕಟ್ಟಿದ ಕೋಲನ್ನು ಕೆಪಾಸಿಟರಿಗೆ ಮುಟ್ಟಿಸಿದರು ನೋಡು, ನೀಲಿ ಬೆಳಕು, ಬಂದೂಕಿನ ಸದ್ದು! ಬೀದಿಯವರೆಲ್ಲ ಮತ್ತೆ ಯುದ್ಧ ಶುರುವಾಯಿತು ಅಂತ ಹೊರಗೆ ಬಂದರು. ಉಮ್ ಫಾರೂಕ್ ಜಪಸರ ಹಿಡಿದು ಮೆಟ್ಟಿಲ ಕೆಳಗೆ ಅಡಗಿ ಕೂತಿದ್ದಳು.

ಎಲ್ಲರನ್ನೂ ಸಮಾಧಾನ ಮಾಡಿ ಕಳಿಸಿ ಒಳಗೆ ಬಂದರೆ ಮಿತ್ರಿ ಗೋಡೆಗೆ ಒರಗಿ ನೆಲದ ಮೇಲೇ ಕೂತಿದ್ದರು. "ಒಬ್ಬಳನ್ನ ಮಣ್ಣು ಮಾಡಿ ಬಂದಿದ್ದೀನಿ. ಇನ್ನೊಬ್ಬಳನ್ನ ಮಾಡೋ ಶಕ್ತಿ ನನಗಿಲ್ಲ, ವದಾದ್" ಅಂದರು. ನಾನು ನೀರು ಕೊಟ್ಟೆ. ಏನಾದರೂ ಹೇಳಬೇಕಲ್ಲ ಅಂತ, ಅಪ್ಪನ ಶಿಷ್ಯನಾಗಿ ಇಷ್ಟು ಹೆದರುವುದೇ ಅಂದೆ. ಅವರು ಲೋಟದೊಳಗೆ ನೋಡುತ್ತಾ, "ಈ ಮನೆಗೆ ನಾನು ರೇಡಿಯೊ ಕಲಿಯೋಕೆ ಮಾತ್ರ ಬರ್ತಿದ್ದೆ ಅಂದ್ಕೊಂಡಿದ್ಯಾ?" ಅಂದರು. ನಾನು ಚೂರಾದ ಕಪ್ಪುಗಳನ್ನು ಆರಿಸತೊಡಗಿದೆ. ಮತ್ತೇನು ಮಾಡಲಿ, ಹೇಳು.

ಬೆಸುಗೆ ಬಿಚ್ಚಿ ಹೊಸದಾಗಿ ಹಾಕಿದೆವು. ಈ ಸಲ ಅವರು ಹಾಕಿದ್ದನ್ನು ನಾನು, ನಾನು ಹಾಕಿದ್ದನ್ನು ಅವರು ಪರೀಕ್ಷಿಸಿದೆವು. ನಮ್ಮ ಓಣಿಯ ಜನರೇಟರು ಈ ಭಾರ ತಡೆಯದೆ ಎರಡು ಸಲ ನಿಂತುಹೋಯಿತು. ಸರ್ಕಾರದ ಕರೆಂಟು ಬರುವ ಹೊತ್ತಿಗೆ ಕಾದು ಕೂರುವ ಅಭ್ಯಾಸವಾಯಿತು. ಮೊನ್ನೆ ನಿನ್ನ ಜೊತೆ ಮಾತಾಡುವಾಗ ಉಮ್ ಫಾರೂಕ್‌ಳ ಟೀವಿ ಧಾರಾವಾಹಿಯಲ್ಲಿ ನಾಯಕಿ ಅಳುವ ಬದಲು ನಿನ್ನಕ್ಕನ ದನಿ ಬಂತಂತೆ! ಓಡಿಬಂದು ಬಾಗಿಲು ಬಡಿದಳು. ಮಿತ್ರಿ ಅವಳ ಆಂಟೆನಾಕ್ಕೆ ಫಿಲ್ಟರ್ ಹಾಕಿಕೊಟ್ಟು ಬಂದಿದ್ದಾರೆ. ಈಗ ಅವಳ ಪಾಲಿಗೆ ಅವರು ದೇವರಂಥ ಮನುಷ್ಯ.

ನಾನು ಪೆನ್ಸಿಲ್ ಹಿಡಿದು ಕೊನೆಯ ಹಂತದ ಗುರುತು ಹಾಕುವಾಗ ಅಪ್ಪ ಬದುಕಿದ್ದಿದ್ದರೆ ಏನು ಮಾಡುತ್ತಿದ್ದ ಅಂತ ಯೋಚಿಸಿದೆ. ಮೀಸೆ ಸವರಿಕೊಂಡು ಹೋಗಿ ಕೈ ತೊಳೆಯುತ್ತಿದ್ದ.

ಮರ್ಲೇನಿಗೆ ಮುತ್ತು. ಲುಸಿಯಾನಾಗೆ ಕಿತ್ತಳೆ ಹೂವಿನ ಜಾಮ್ ಕಳಿಸಿದ್ದೇನೆ, ನೀನು ತಿಂದು ಖಾಲಿ ಮಾಡಬೇಡ. ಕನ್ಯಾಮಾತೆ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ವದಾದ್

ಮರೆತ ಮಾತು: ಕಾಗದ ಒಯ್ಯಬೇಕಾದ ಬೇಕರಿಯವರ ಮಗ ಬಾಗಿಲಲ್ಲಿ ಚಡಪಡಿಸುತ್ತಿದ್ದಾನೆ, ವಿಮಾನಕ್ಕೆ ತಡವಾಗುತ್ತಂತೆ. ಇಷ್ಟುದ್ದ ಬರೆದರೂ ಬರೆಯಬೇಕಾದ್ದು ಬರೆಯಲಿಲ್ಲ. ಮಿತ್ರಿ ಕೇಳಿದರು, ನಾನು ಹೂಂ ಅಂದೆ. ನವೆಂಬರ್ ಆರು, ಭಾನುವಾರ, ನಮ್ಮ ಚರ್ಚಿನಲ್ಲೇ, ಕ್ರಿಸ್ಮಸ್ ಉಪವಾಸ ಶುರುವಾಗುವ ಮೊದಲು. ಐವತ್ತರಲ್ಲಿ ಇದೇನು ಹುಚ್ಚು ಅಂತ ನೀನು ಅಂದುಕೊಂಡರೂ ಸರಿ, ನಾನು ಒಪ್ಪಿಗೆ ಕೇಳುತ್ತಿಲ್ಲ. ಆದರೆ ನಮ್ಮ ತಲೆಯ ಮೇಲೆ ಮದುವೆಯ ಕಿರೀಟ ಹಿಡಿಯಲು ಮನೆಯವರು ಅಂತ ನನಗಿರುವುದು ನೀನೊಬ್ಬನೇ. ವಿಮಾನ ನಿಲ್ದಾಣ ಈಗ ತೆರೆದಿದೆ, ನಬೀಹ್. ಬಾ.