ಅಳದ ಕಣ್ಣಿನ ಕಪ್ಪು

ಮುದ್ದು ಅಮ್ಮಾ,

ಮದುವೆಯಾಗಿ ನಲವತ್ತು ದಿನವಾಯಿತು, ನನಗಿನ್ನೂ ಸ್ವರ್ಗಕ್ಕೆ ಮೂರೇ ಗೇಣು. ಆದರೆ ಇವರು ಅದನ್ನು ನಂಬುತ್ತಿಲ್ಲ.

ಮದುವೆಯ ದಿನ ಮೇಕಪ್ಪಿನವಳು ನನ್ನ ಕಣ್ಣಿನ ಕೆಳಗಿನ ಕಪ್ಪನ್ನು ಮುಚ್ಚಿಬಿಟ್ಟಿದ್ದಳಲ್ಲ, ಈಗ ಅದು ದಿನವೂ ಕಾಣುತ್ತಿದೆ. ಕನ್ನಡಕದಂಗಡಿಯಲ್ಲಿ ಇಡೀ ದಿನ ಊರವರ ಕಣ್ಣು ನೋಡುವವರಿಗೆ ಹೆಂಡತಿಯ ಕಣ್ಣು ಕಾಣದಿರುತ್ತದೆಯೇ? "ಅತ್ತಿದ್ದೀಯಾ? ನಿಜ ಹೇಳು," ಎನ್ನುತ್ತಾರೆ. "ಇಲ್ಲಾರೀ, ನಾನು ಹುಟ್ಟಿದ್ದೇ ಹೀಗೆ," ಎಂದರೆ ಅತ್ತೆ ಮಗನನ್ನೇ ಗದರುತ್ತಾರೆ: "ಪಾಪ, ನಿನ್ನ ಮಾನ ಉಳಿಸ್ತಿದಾಳೆ ಕಣೋ."

ಸೌತೆಕಾಯಿ, ಆಲೂಗಡ್ಡೆ, ತಣ್ಣಗಿನ ಟೀ ಬ್ಯಾಗು, ಎರಡು ಬಗೆಯ ಕ್ರೀಮು, ಎಲ್ಲವೂ ಆಯಿತು. ಚರ್ಮದ ಡಾಕ್ಟರು "ಇದು ವಂಶದಿಂದ ಬಂದದ್ದು, ಪೂರ್ತಿ ಹೋಗಲ್ಲಮ್ಮ" ಎಂದರು. ಅದನ್ನೂ ನಾನೇ ಹೇಳಿಸಿದೆ ಎಂದು ತಾಯಿ, ಮಗ ಇಬ್ಬರೂ ಅಂದುಕೊಂಡಿದ್ದಾರೆ. ತಮ್ಮ ಗೊರಕೆಯೇ ಕಾರಣವಿರಬೇಕೆಂದು ಇವರು ಸೋಮವಾರದಿಂದ ಹೊರಗಿನ ಕೋಣೆಯ ಸೋಫಾದಲ್ಲಿ ಮಲಗುತ್ತಿದ್ದಾರೆ. ಆ ಗೊರಕೆಯಿಲ್ಲದೆ ನನಗೀಗ ನಿಜವಾಗಿಯೂ ನಿದ್ದೆ ಬರುತ್ತಿಲ್ಲ, ಕಪ್ಪು ಇನ್ನೂ ಹೆಚ್ಚುತ್ತಿದೆ. ಏನು ಮಾಡಲೆಂದು ದಿಕ್ಕೇ ತೋಚುತ್ತಿಲ್ಲ.

ಭಾನುವಾರ ಊಟಕ್ಕೆ ಬಾ. ಬರುವಾಗ ಮುಖಕ್ಕೆ ಏನೂ ಹಚ್ಚಬೇಡ. ಅಂಚೆಯವನು ಬಂದರೂ ಕಣ್ಣಿನ ಕೆಳಗೆ ಪೌಡರ್ ಒತ್ತಿಕೊಳ್ಳದೆ ಬಾಗಿಲು ತೆಗೆಯದ ನಿನ್ನನ್ನು ಏನು ಕೇಳುತ್ತಿದ್ದೇನೆಂದು ಗೊತ್ತು. ಆದರೂ ಇವರು ನಿನ್ನ ಕಣ್ಣನ್ನೊಮ್ಮೆ ನೋಡಲಿ. ನಿನಗೂ ಹುಟ್ಟಿನಿಂದಲೇ ಹೀಗೆ ಎಂದು ನೀನೇ ಬಾಯಿಬಿಟ್ಟು ಹೇಳು.

ಹುಟ್ಟಿನಿಂದಲೇ ತಾನೇ, ಅಮ್ಮಾ? ನಾನು ಇದುವರೆಗೆ ನಿನ್ನನ್ನು ಕೇಳಿಯೇ ಇರಲಿಲ್ಲ.

ನಿನ್ನ ಕಣ್ಣನ್ನೇ ಪಡೆದು ಬಂದ,
ಮಗಳು